ರೈಟ್ ಫ್ಲೈಯರ್‌ನಿಂದ ಈಗಿನ ವಿಮಾನಕ್ಕೆ ಉಳಿದಿದ್ದು ಏನು?

ರೈಟ್ ಸಹೋದರರ ಮೊದಲ ಎಂಜಿನ್ ವಿಮಾನ, 1903ರ ರೈಟ್ ಫ್ಲೈಯರ್‌ಗೂ ಈಗಿನ ವಿಮಾನಕ್ಕೂ ಹೋಲಿಕೆನೇ ಇಲ್ಲ, ಹಾಗಾದ್ರೆ ಅದರಿಂದ ಉಳಿದಿದ್ದಾದ್ರೂ ಏನು ಅಂತ ಕೇಳಿದ್ರಲ್ಲ, ಆಕಾರದಲ್ಲಿ ಹುಡುಕ್ಬೇಡಿ ಸರ್, ಕಂಟ್ರೋಲ್‌ನಲ್ಲಿ ಹುಡುಕಿ.

1899ರಲ್ಲಿ ತಮ್ಮ ಸೈಕಲ್ ಅಂಗಡಿಲಿ ರೈಟ್ ಸಹೋದರರಲ್ಲಿ ಒಬ್ಬನಾದ ವಿಲ್ಬರ್ ಕೈಗೆ ಟ್ಯೂಬ್ ಬರೋ ಖಾಲಿ ರಟ್ಟಿನ ಡಬ್ಬ ಸಿಕ್ತು, ಮಾತಾಡ್ತಾ ಮಾತಾಡ್ತಾ ಅದರ ಎರಡು ತುದಿನ ಎದುರುಬದುರಾಗಿ ತಿರುಚಿದಾಗ, ರೆಕ್ಕೆನೂ ಹೀಗೇ ತಿರುಚಿದ್ರೆ ವಿಮಾನ ಒಂದು ಕಡೆ ವಾಲುತ್ತೆ ಅಂತ ಹೊಳೀತು. ಫ್ಲೈಯರ್‌ನಲ್ಲಿ ಪೈಲಟ್ ಬೋರಲು ಮಲಗಿ ಸೊಂಟ ಪಕ್ಕಕ್ಕೆ ಸರಿಸ್ತಿದ್ದ, ಸೊಂಟದ ಕೆಳಗಿನ ತೊಟ್ಟಿಲಿಗೆ ಕಟ್ಟಿದ ತಂತಿಗಳು ರೆಕ್ಕೆ ತಿರುಚ್ತಿದ್ವು, ಹಿಂದಿನ ರಡ್ಡರ್, ಅಂದ್ರೆ ಮೂತಿನ ಎಡಕ್ಕೆ ಬಲಕ್ಕೆ ತಿರುಗಿಸೋ ನೆಟ್ಟಗಿನ ಹಲಗೆ ಕೂಡ ಜೊತೆಗೇ ತಿರುಗ್ತಿತ್ತು. ಈಗ ಆ ಕೆಲಸ ಐಲೆರಾನ್ ಮಾಡುತ್ತೆ. ವಿಂಡೋ ಸೀಟ್ ಸಿಕ್ಕಿದಾಗ ನೋಡಿ, ವಿಮಾನ ವಾಲೋಕೆ ಶುರುವಾದಾಗ ರೆಕ್ಕೆ ತುದಿ ಹತ್ರ ಹಿಂಬದಿಲಿ ಒಂದು ಪಟ್ಟಿ ಮೇಲೆ ಕೆಳಗೆ ಆಡುತ್ತೆ, ನನಗಂತೂ ಅದು ಕಂಡಾಗೆಲ್ಲ ಆ ರಟ್ಟಿನ ಡಬ್ಬನೇ ನೆನಪಾಗುತ್ತೆ.

ಮೂತಿನ ಮೇಲೆ ಕೆಳಗೆ ಮಾಡೋ ಎಲಿವೇಟರ್ ಅನ್ನೋ ಪಟ್ಟಿನ ಮುಂದೆ ಇಟ್ಟಿದ್ದು ಮಾತ್ರ ಕಷ್ಟ ಕೊಡ್ತು, ವಿಮಾನ ಅಸ್ಥಿರವಾಗಿ ಮೂತಿ ಮೇಲೆ ಕೆಳಗೆ ಓಲಾಡ್ತಿತ್ತು, 1910ರ ತಮ್ಮ ಮಾಡೆಲ್ ಬಿ ವಿಮಾನದ ಹೊತ್ತಿಗೆ ಅವರೇ ಹಿಂದಕ್ಕೆ ಹಾಕಿದ್ರು. ಆದ್ರೆ ನಮ್ಮ ಯುದ್ಧವಿಮಾನ ತೇಜಸ್‌ನ ಬೇಕಂತಲೇ ಅಸ್ಥಿರವಾಗಿ ಡಿಸೈನ್ ಮಾಡಿದಾರೆ, ಚುರುಕಾಗಿ ತಿರುಗ್ಲಿ ಅಂತ, ಬ್ಯಾಲೆನ್ಸ್ ಮಾಡೋದು ಕಂಪ್ಯೂಟರ್.

ಇನ್ನೊಂದು, ಪ್ರೊಪೆಲರ್ ಅಂದ್ರೆ ಸುತ್ತೋ ರೆಕ್ಕೆ ಅಂತ ಲೆಕ್ಕ ಹಾಕಿ ಕೆತ್ತಿದ್ರು, 1901ರಲ್ಲೇ ಒಳಗೆ ಗಾಳಿ ಬೀಸಿ ಮಾದರಿ ಪರೀಕ್ಷಿಸೋ ಸಣ್ಣ ವಿಂಡ್ ಟನಲ್ ಮಾಡ್ಕೊಂಡು ಸುಮಾರು 200 ರೆಕ್ಕೆ ಮಾದರಿ ಪರೀಕ್ಷೆ ಮಾಡಿದ್ರು. ಈಗ್ಲೂ ಸಾಮಾನ್ಯವಾಗಿ ಹೊಸ ವಿಮಾನ ಹಾರೋ ಮುಂಚೆ ಅದರ ಮಾಡೆಲ್ ವಿಂಡ್ ಟನಲ್‌ಗೆ ಹೋಗುತ್ತೆ.