ಅಮ್ಮನ ಉತ್ತರ ಅಮ್ಮನದೇ ಆಗಿರಲಿ

ಪ್ರಶ್ನೆ: ನನ್ನ ತಾಯಿಗೆ 72 ವರ್ಷ. ಹೃದಯ ವೈಫಲ್ಯದಿಂದ ಆಸ್ಪತ್ರೆಯಲ್ಲಿದ್ದು ಕಳೆದ ತಿಂಗಳು ಮನೆಗೆ ಬಂದಿದ್ದಾರೆ. ಮೊನ್ನೆ ನರ್ಸಿಂಗ್ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ತಮ್ಮ ಸಂಶೋಧನೆಗಾಗಿ ಮನೆಗೆ ಬಂದು, “ಒಟ್ಟಾರೆಯಾಗಿ ನಿಮ್ಮ ಆರೋಗ್ಯ ಹೇಗಿದೆ?” ಎಂದು ಕೇಳಿದರು. ಅಮ್ಮ “ಒಳ್ಳೆಯದುಂಟು” ಎಂದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು ಹೀಗೆ ಹೇಳಿದ್ದನ್ನು ನಾನು ತಿದ್ದಲು ಹೋದರೆ, ಆಕೆ “ಅಮ್ಮನೇ ಹೇಳಲಿ” ಎಂದು ನನ್ನನ್ನು ತಡೆದರು. ವೈದ್ಯರ ವರದಿಗಳಿರುವಾಗ ಇಂತಹ ಉತ್ತರಗಳಿಂದ ಏನು ಪ್ರಯೋಜನ?
— ಓದುಗರು, ಕಟಪಾಡಿ

ಉತ್ತರ: ಆ ವಿದ್ಯಾರ್ಥಿನಿ ಮಾಡಿದ್ದು ಸರಿ. ಆಕೆ ಕೇಳಿದ್ದು ನಿಮ್ಮ ತಾಯಿಯ ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತಿದೆ ಎಂಬುದನ್ನಲ್ಲ, ತಮ್ಮ ಆರೋಗ್ಯವನ್ನು ಅವರೇ ಹೇಗೆ ಕಾಣುತ್ತಾರೆ ಎಂಬುದನ್ನು. ಇದಕ್ಕೆ ಉತ್ತರ ಕೊಡಬಲ್ಲವರು ಅವರೊಬ್ಬರೇ. ಈ ಒಂದು ಪ್ರಶ್ನೆಯನ್ನು ಹಗುರವಾಗಿ ಎಣಿಸಬೇಡಿ. 1997ರಲ್ಲಿ ಎಲೆನ್ ಐಡ್ಲರ್ ಮತ್ತು ಯೇಲ್ ಬೆನ್ಯಮಿನಿ ಎಂಬ ಸಂಶೋಧಕಿಯರು ಬೇರೆಬೇರೆ ದೇಶಗಳ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ತಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಸಾಧ್ಯತೆ ಹೆಚ್ಚಿದ್ದುದು, ರೋಗ ಮತ್ತು ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಬಹುತೇಕ ಅಧ್ಯಯನಗಳಲ್ಲಿ ಕಂಡುಬಂದಿತ್ತು. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಊಟ ಸೇರುತ್ತದೆಯೋ ಇಲ್ಲವೋ, ಬೆಳಿಗ್ಗೆ ಏಳುವಾಗ ಮೈಯಲ್ಲಿ ಶಕ್ತಿ ಎಷ್ಟಿದೆ ಎಂಬುದು ಯಾವ ಸ್ಕ್ಯಾನಿಂಗಿನಲ್ಲೂ ಕಾಣುವುದಿಲ್ಲ.

ಹಾಗಾದರೆ ಏದುಸಿರು? ಇಲ್ಲಿ ನಾನು ಕಂಡದ್ದೊಂದನ್ನು ಹೇಳಬೇಕು. ಶಂಕರಪುರದ ಕಡೆಯ ಒಂದು ಮನೆಯಲ್ಲಿ ಇದೇ ಕಾಯಿಲೆಯ ಹಿರಿಯರೊಬ್ಬರು ನನಗೆ “ದಮ್ಮು ಕಟ್ಟುವುದೇ ಇಲ್ಲ” ಎಂದಿದ್ದರು. ಚಾವಡಿಯಲ್ಲಿ ಕುಳಿತು, ಮೊಮ್ಮಕ್ಕಳು ಕೊಯ್ದು ತಂದ ಮಲ್ಲಿಗೆ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. “ನೀವು ಗಿಡದ ಹತ್ತಿರ ಹೋಗಿ ಎಷ್ಟು ದಿನವಾಯಿತು?” ಎಂದು ಕೇಳಿದಾಗ ಕೈ ನಿಂತಿತು, ಮಳೆಗಾಲಕ್ಕೆ ಮೊದಲೇ ಬಿಟ್ಟಿದ್ದರು. ದಮ್ಮು ಕಟ್ಟುವ ಕೆಲಸವನ್ನೆಲ್ಲ ಒಂದೊಂದಾಗಿ ಕೈಬಿಟ್ಟಿದ್ದರಿಂದ ದಮ್ಮು ಕಟ್ಟುತ್ತಿರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ನಿಮ್ಮ ತಾಯಿಯೂ ಬಹುಶಃ ಕಳೆದ ತಿಂಗಳು ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಮಲಗಿದ್ದ ದಿನಗಳಿಗೆ ಹೋಲಿಸಿ “ಒಳ್ಳೆಯದುಂಟು” ಎಂದಿರಬಹುದು. ಸಂಶೋಧನೆಗೆ ಬೇಕಾದದ್ದು ರೋಗಿ ಹೇಳುವುದಕ್ಕೂ ಮನೆಯವರಿಗೆ ಕಾಣುವುದಕ್ಕೂ ನಡುವಿನ ಈ ಅಂತರವೇ, ಏಕೆಂದರೆ ತಾನು ಚೆನ್ನಾಗಿದ್ದೇನೆ ಎಂದುಕೊಂಡವರು ಕಾಲಿನ ಬಾವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಆಸ್ಪತ್ರೆಗೆ ತಡವಾಗಿ ಬರುತ್ತಾರೆ. ನೀವು ತಿದ್ದಿಬಿಟ್ಟರೆ ಆ ಅಂತರ ಕಾಗದದ ಮೇಲೆ ಮೂಡುವುದೇ ಇಲ್ಲ.

ಇಂತಹ ಸಂಶೋಧನೆಯ ಪ್ರಶ್ನಾವಳಿಯಲ್ಲಿ ಇನ್ನೊಂದು ಭಾಗ ಸ್ವ-ಆರೈಕೆಯದ್ದು, ಅಂದರೆ ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳುವುದು. ಅಮೆರಿಕದ ನರ್ಸಿಂಗ್ ತಜ್ಞೆ ಡೊರೋಥಿಯಾ ಒರೆಮ್ 1971ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪರಿಕಲ್ಪನೆ ನರ್ಸಿಂಗ್ ಶಿಕ್ಷಣದಲ್ಲಿ ಬೇರೂರಿತು. 2012ರಲ್ಲಿ ನರ್ಸಿಂಗ್ ಸಂಶೋಧಕಿ ಬಾರ್ಬರಾ ರೀಗಲ್ ಮತ್ತು ಸಂಗಡಿಗರು ದೀರ್ಘಕಾಲದ ಕಾಯಿಲೆಯವರ ಸ್ವ-ಆರೈಕೆಯನ್ನು ಕಾಪಾಡಿಕೊಳ್ಳುವುದು, ಗಮನಿಸುವುದು, ಬದಲಾವಣೆ ಕಂಡಾಗ ಕ್ರಮ ಕೈಗೊಳ್ಳುವುದು ಎಂದು ಮೂರಾಗಿ ನೋಡಿದರು. ನಿಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ, ಮಾತ್ರೆ ತಪ್ಪಿಸದಿರುವುದು ಮತ್ತು ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳವನ್ನು ದೂರವಿಡುವುದು ಮೊದಲನೆಯದು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವುದು, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಗುಳಿ ಉಳಿಯುತ್ತದೆಯೇ ಎಂದು ನೋಡುವುದು ಎರಡನೆಯದು. 3 ದಿನಗಳೊಳಗೆ ತೂಕ 2 ಕಿಲೋಗಿಂತ ಹೆಚ್ಚು ಏರಿದರೆ ಕಾಯದೆ ವೈದ್ಯರಿಗೆ ಫೋನ್ ಮಾಡುವುದು ಮೂರನೆಯದು. ನನ್ನ ಅನುಭವದಲ್ಲಿ ಮಾತ್ರೆಯ ವಿಷಯದಲ್ಲಿ ನಮ್ಮ ಜನ ಶಿಸ್ತಿನವರು, ಎಡವುವುದು ಎರಡನೆಯದರಲ್ಲಿ.

ಭಾಷೆಯ ಬಗ್ಗೆಯೂ ಒಂದು ಮಾತು. ಆರೋಗ್ಯ ಹೇಗಿದೆ ಎಂಬ ಪ್ರಶ್ನೆಗೆ ಉತ್ತರವಾಗಿ ಕೊಡುವ ಇಂಗ್ಲಿಷಿನ ಐದು ಆಯ್ಕೆಗಳನ್ನು ಕನ್ನಡಕ್ಕೆ ತರುವಾಗ “ಸಾಧಾರಣ” ಎಂಬಲ್ಲಿ ತೊಡಕಿದೆ. ಒಬ್ಬರಿಗೆ ಅದು “ತೊಂದರೆಯೇನಿಲ್ಲ”, ಇನ್ನೊಬ್ಬರಿಗೆ “ಅಷ್ಟಕ್ಕಷ್ಟೆ”. ತುಳು ಮನೆಗಳಲ್ಲಿ ಸೊಸೆಯೋ ಮಗನೋ ನಡುವೆ ನಿಂತು ಅನುವಾದಿಸಿದರೆ ಪ್ರಶ್ನೆಯೇ ಬೇರೆಯಾಗುತ್ತದೆ. “ಎಂಚ ಉಲ್ಲರ್?” (ಹೇಗಿದ್ದೀರಿ?) ಎಂದು ತುಳುವಿನಲ್ಲಿ ಕೇಳಿದರೆ ಬರುವುದು ಕುಶಲದ ಉತ್ತರ, ಆರೋಗ್ಯದ ಉತ್ತರವಲ್ಲ. ಆದ್ದರಿಂದ ಅನುವಾದಿಸಿದ ಪ್ರಶ್ನೆಯನ್ನು ಇನ್ನೊಬ್ಬರಿಂದ ಮೂಲಭಾಷೆಗೆ ಮರಳಿ ಅನುವಾದಿಸಿ ನೋಡಿ, ಇಲ್ಲಿನ ಕೆಲವರಲ್ಲಿ ಕೇಳಿ ಪರೀಕ್ಷಿಸಿದ ನಂತರವೇ ಬಳಸಬೇಕು.

ನಿಮ್ಮ ತಾಯಿಗೆ ಉತ್ತರಿಸದಿರುವ, ನಡುವೆಯೇ ನಿಲ್ಲಿಸುವ ಹಕ್ಕೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ವಿದ್ಯಾರ್ಥಿನಿ ಹೋದ ಮೇಲೆ ಮೆಟ್ಟಿಲಿನ ವಿಷಯವನ್ನು ನೀವು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಪ್ಪದೆ ತಿಳಿಸಿ. ಅದು ನಿಮ್ಮ ಉತ್ತರ, ಅದಕ್ಕೂ ಬೆಲೆಯಿದೆ.

ಪ್ರಶ್ನೆ: ಕೈ ನಡುಗುವುದರಿಂದ ತಂದೆಯವರಿಗೆ ನಾನೇ ಇನ್ಸುಲಿನ್ ಕೊಡುತ್ತೇನೆ. ಇದು ಸ್ವ-ಆರೈಕೆ ಎನಿಸುತ್ತದೆಯೇ?
— ಓದುಗರು, ಮಂಗಳೂರು

ಉತ್ತರ: ಒರೆಮ್ ಇದನ್ನು ಅವಲಂಬಿತರ ಆರೈಕೆ ಎಂದು ಬೇರೆಯಾಗಿ ಹೆಸರಿಸಿದ್ದಾರೆ. ಆದರೆ ನಿಮ್ಮಿಂದ ಆಗದ ಒಂದು ಕೆಲಸ ತಂದೆಯವರಲ್ಲಿ ಉಳಿದಿದೆ. ರಕ್ತದ ಸಕ್ಕರೆ 70ಕ್ಕಿಂತ (ಮಿ.ಗ್ರಾಂ/ಡೆಸಿಲೀಟರ್) ಕೆಳಗಿಳಿದರೂ ಕೈ ನಡುಗಬಹುದು. ಅದು ದಿನನಿತ್ಯದ ನಡುಕವೋ, ಬೆವರು ಮತ್ತು ಹಸಿವಿನೊಂದಿಗೆ ಬಂದ ಹೊಸ ನಡುಕವೋ ಎಂದು ಮೊದಲು ತಿಳಿಯುವುದು ಅವರಿಗೇ. ಅನುಮಾನ ಬಂದರೆ ಗ್ಲುಕೋಮೀಟರಿನಲ್ಲಿ ನೋಡಿ. ಕಡಿಮೆಯಿದ್ದರೆ 15 ಗ್ರಾಂ, ಅಂದರೆ ಸುಮಾರು 3 ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿ. ಸೂಜಿಯನ್ನು ನೀವೇ ಚುಚ್ಚಿ. ಆದರೆ ಪ್ರತಿ ಸಲವೂ ಎಷ್ಟು ಯೂನಿಟ್ ಎಂದು ಅವರು ನೋಡಿ ಹೇಳಲಿ.