ಆಕ್ಸಲ್ ಬೂಟ್ ಹರಿದು ಗ್ರೀಸ್ ಸಿಡಿಯುತ್ತಿದೆ: ಬೂಟ್ ಮಾತ್ರ ಸಾಕೇ, ಇಡೀ ಆಕ್ಸಲ್ ಬದಲಿಸಬೇಕೇ?

ಆಕ್ಸಲ್ ಎಂದರೆ ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ದಂಡ, ಬೂಟ್ ಎಂದರೆ ಅದರ ಎರಡು ತುದಿಯ ಜಾಯಿಂಟ್‌ಗಳಿಗೆ ಗ್ರೀಸ್ ಉಳಿಯಲೆಂದು ಹಾಕಿದ ರಬ್ಬರ್ ಹೊದಿಕೆ. ಮೊದಲು ಸದ್ದು ಕೇಳಿ. ಖಾಲಿ ಜಾಗದಲ್ಲಿ ಸ್ಟೇರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಸುತ್ತು ಹಾಕಿ. ಆಮೇಲೆ ಇನ್ನೊಂದು ಕಡೆ. ಕಟಕಟ ಎಂದರೆ ಚಕ್ರದ ಕಡೆಯ ಜಾಯಿಂಟ್ ಸವೆದಿದೆ, ಅದರ ಮೇಲೆ ಹೊಸ ಬೂಟ್ ಹಾಕಿಸುವುದು ದುಡ್ಡು ದಂಡ. ನೇರ ಹೋಗುವಾಗ ಎಕ್ಸಲರೇಟರ್ ಒತ್ತಿದರೆ ಮಾತ್ರ ಗಾಡಿ ನಡುಗುತ್ತಿದ್ದರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಪರೀಕ್ಷಿಸಿ.

ಸದ್ದಿಲ್ಲ, ಹರಿದು ಹೆಚ್ಚು ದಿನವೂ ಆಗಿಲ್ಲ ಎಂದರೆ ಬೂಟ್ ಕಿಟ್ ಸಾಕು. ಆದರೆ ಮಳೆಗಾಲದಲ್ಲಿ ನವಲಗುಂದ, ಗದಗ ಕಡೆಯ ಎರೆಮಣ್ಣಿನ ದಾರಿಯಲ್ಲಿ ಹಾಗೇ ಓಡಿಸಿದ್ದರೆ ಗ್ರೀಸನ್ನು ಬೆರಳಲ್ಲಿ ತಿಕ್ಕಿ ನೋಡಿ. ಗರಗರ ಎಂದರೆ ಒಳಗೆ ಮಣ್ಣು ಹೊಕ್ಕಿದೆ. ಜಾಯಿಂಟ್ ಬಿಚ್ಚಿ, ತೊಳೆದು, ಗುಂಡುಗಳು ಓಡುವ ತೋಡಿನಲ್ಲಿ ಕುಳಿ ಬಿದ್ದಿದ್ದರೆ ಜಾಯಿಂಟ್ ಬದಲಿಸಿ. ಹಲವು ಗಾಡಿಗಳಿಗೆ ಹೊರ (ಚಕ್ರದ ಕಡೆಯ) ಜಾಯಿಂಟ್ ಬಿಡಿಯಾಗಿಯೇ ಸಿಗುತ್ತದೆ. ಎರಡೂ ಜಾಯಿಂಟ್ ಹೋಗಿದ್ದರೆ ಮಾತ್ರ ಪೂರ್ತಿ ಆಕ್ಸಲ್. ಅಗ್ಗದ ಹೊಸ ಆಕ್ಸಲಿಗಿಂತ, ಜಾಯಿಂಟ್ ಗಟ್ಟಿ ಇರುವ ಕಂಪನಿಯ ಹಳೇದೇ ವಾಸಿ.

ಗ್ರೀಸ್ ಮಾಲಿಬ್ಡಿನಮ್ ಇರುವ ಕರಿ ಗ್ರೀಸೇ ಆಗಬೇಕು. ಸಣ್ಣ ಕಾರಿಗೆ ಸುಮಾರು 80ರಿಂದ 100 ಗ್ರಾಂ, ಕಿಟ್‌ನಲ್ಲೇ ಬರುತ್ತದೆ. ಮಾಮೂಲಿ ಚಾಸಿ ಗ್ರೀಸ್ ಬೇಡ. ಕ್ಲ್ಯಾಂಪ್ (ಬೂಟ್ ಬಿಗಿಯುವ ಪಟ್ಟಿ), ಸರ್ಕ್ಲಿಪ್ (ಜಾಯಿಂಟ್ ಜಾರದಂತೆ ಹಿಡಿಯುವ ಉಂಗುರ), ಆಕ್ಸಲ್ ನಟ್ ಹೊಸದೇ ಹಾಕಿಸಿ. ಕ್ಲ್ಯಾಂಪ್ ಬದಲು ಕೇಬಲ್ ಟೈ ಬಿಗಿದರೆ ಸೋರಿಕೆ ಮರಳಿ ಶುರು.

ಗೇರ್‌ಬಾಕ್ಸ್ ಬಳಿ ತೆಳ್ಳಗೆ ಎಣ್ಣೆ ಜಿನುಗುತ್ತಿದ್ದರೆ ಅದು ಬೂಟ್ ಅಲ್ಲ, ಆಯಿಲ್ ಸೀಲ್. ಆಕ್ಸಲ್ ಎಳೆದಾಗ ಅದನ್ನೂ ಬದಲಿಸಿ, ಚೆಲ್ಲಿದಷ್ಟು ಗೇರ್ ಆಯಿಲ್ ತುಂಬಿಸಿ.