ಜಿಪ್ಸಂ ಬೋರ್ಡ್ ಗೋಡೆ ನಾನೇ ಕಟ್ಕೋಬಹುದಾ ಸರ್?

ಪ್ರಶ್ನೆ: ಸರ್, ಹಾಲ್ ದೊಡ್ಡದಿದೆ, ಒಂದು ಮೂಲೇಲಿ ಮಗಳಿಗೆ ಓದೋಕೆ ರೂಮ್ ಮಾಡ್ಬೇಕು. ಇಟ್ಟಿಗೆ ಗಾರೆ ರಗಳೆ ಬೇಡ, ಜಿಪ್ಸಂ ಬೋರ್ಡ್ ಪಾರ್ಟಿಷನ್ ಸಾಕು ಅನ್ಕೊಂಡಿದೀನಿ. ಡ್ರಿಲ್ ಹಿಡಿದು ಅಭ್ಯಾಸ ಇದೆ. ಆದ್ರೆ ಪಕ್ಕದ ಮನೇಲಿ ಮಾಡಿಸಿದ್ದು ಆರು ತಿಂಗಳಿಗೇ ಜಾಯಿಂಟ್ ಬಿರುಕು ಬಿಟ್ಟಿದೆ, ಅದೇ ಭಯ.

ಉತ್ತರ: ಧಾರಾಳವಾಗಿ ಮಾಡಿ, ಆದ್ರೆ ಒಬ್ರೇ ಬೇಡ. ಆರಡಿ ಉದ್ದ ನಾಲ್ಕಡಿ ಅಗಲದ 12.5 ಎಂಎಂ ಬೋರ್ಡು ಹೆಚ್ಚುಕಮ್ಮಿ 20 ಕೆಜಿ ತೂಗುತ್ತೆ, ಹಲಗೆ ಥರ ಅಡ್ಡಡ್ಡ ಮಲಗಿಸಿ ಹೊತ್ರೆ ನಡುಮಧ್ಯೆ ಮುರಿಯುತ್ತೆ, ಇಬ್ರು ಸೇರಿ ನಿಲ್ಲಿಸ್ಕೊಂಡೇ ಸಾಗಿಸಿ.

ಮೊದ್ಲು ನೆಲಕ್ಕೆ, ಸೀಲಿಂಗ್‌ಗೆ ಜಿಐ ಚಾನೆಲ್ (ಸತು ಲೇಪಿಸಿದ ತಗಡಿನ ಪಟ್ಟಿ) ಹೊಡೀರಿ, ತೂಗುಗುಂಡು ಇಳಿಬಿಟ್ಟು ಎರಡೂ ಒಂದೇ ನೇರಕ್ಕೆ ಇದೆಯಾ ನೋಡ್ಕೊಳಿ. ಅದರೊಳಗೆ ಎರಡೆರಡು ಅಡಿಗೆ ಒಂದೊಂದು ಸ್ಟಡ್ (ನೆಟ್ಟಗೆ ನಿಲ್ಲೋ ತಗಡಿನ ಕಂಬ) ನಿಲ್ಲಿಸಿದ್ರೆ ಎರಡು ಬೋರ್ಡಿನ ಅಂಚೂ ಒಂದೇ ಸ್ಟಡ್ ಮೇಲೆ ಬಂದು ಕೂರುತ್ತೆ. ಬೋರ್ಡಿನ ಕೆಳಗೆ ಒಂದು ಸೆಂಟಿಮೀಟರ್ ಜಾಗ ಬಿಡಿ, ಇಲ್ಲಾಂದ್ರೆ ದಿನಾ ನೆಲ ಒರೆಸೋ ನೀರನ್ನ ಬೋರ್ಡು ಹೀರ್ಕೊಂಡು ಉಬ್ಬುತ್ತೆ. ಆ ಸಂದಿ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಹಿಂದೆ ಮರೆಯಾಗುತ್ತೆ ಬಿಡಿ.

ಸ್ಕ್ರೂ ವಿಷಯದಲ್ಲಿ ಮಾತ್ರ ಅವಸರ ಮಾಡ್ಬೇಡಿ. 25 ಎಂಎಂ ಡ್ರೈವಾಲ್ ಸ್ಕ್ರೂ, ಅಡಿಗೊಂದು. ಈ ಬೋರ್ಡಿನ ಶಕ್ತಿ ಇರೋದೇ ಮೇಲಿನ ಪೇಪರಲ್ಲಿ, ಸ್ಕ್ರೂ ತಲೆ ಆ ಪೇಪರನ್ನ ಚೂರೇ ಚೂರು ಒಳಗೆ ಒತ್ತಬೇಕು, ಹರೀಬಾರ್ದು. ಹರಿದು ಬಿಳಿ ಪುಡಿ ಕಂಡ್ರೆ ಆ ಸ್ಕ್ರೂ ಹಿಡಿತ ಹೋದ ಹಾಗೇನೆ, ಅದೇ ಸ್ಟಡ್ಡಿಗೆ ಎರಡಿಂಚು ಮೇಲೋ ಕೆಳಗೋ ಇನ್ನೊಂದು ಹಾಕಿ. ಆಮೇಲೆ ಪುಟ್ಟಿ ಬ್ಲೇಡನ್ನ ಸಾಲಿನ ಮೇಲೆ ಸವರ್ಕೊಂಡು ಹೋಗಿ, ಎಲ್ಲಿ ಟಕ್ ಅಂತ ತಾಗುತ್ತೋ ಅಲ್ಲಿ ತಲೆ ಇನ್ನೂ ಮೇಲಿದೆ ಅಂತ.

ಇನ್ನು ಬಿರುಕು. ಮುಕ್ಕಾಲು ಪಾಲು ಕಡೆ ನಾನು ನೋಡಿರೋ ಕಾರಣ ಒಂದೇ, ಟೇಪ್ ಹಾಕ್ದೇ ಬರೀ ವಾಲ್ ಪುಟ್ಟಿ ತುಂಬಿರ್ತಾರೆ. ಬೋರ್ಡಿನ ಜಾಯಿಂಟಿಗೆಂದೇ ಬರೋ ಜಾಯಿಂಟಿಂಗ್ ಕಾಂಪೌಂಡೇ ತನ್ನಿ, ತೆಳ್ಳಗೆ ಬಳಿದು ಹಸಿ ಇರುವಾಗ್ಲೇ ಪೇಪರ್ ಟೇಪ್ ಒತ್ತಿ, ಮೇಲೆ ಇನ್ನೆರಡು ಕೋಟ್, ಒಂದಕ್ಕಿಂತ ಒಂದು ಅಗಲವಾಗಿ. ಒಂದು ಪೂರ್ತಿ ಒಣಗ್ದೇ ಇನ್ನೊಂದು ಬೇಡ, ಮಳೆಗಾಲದಲ್ಲಂತೂ ಬೇರೇನೇ ತಾಳ್ಮೆ ಬೇಕು. ಇನ್ನೊಂದು, ಬಾಗಿಲ ಮೂಲೆಯ ನೇರಕ್ಕೆ ಜಾಯಿಂಟ್ ಕೊಡ್ಬೇಡಿ, ಬಾಗಿಲು ಬಡಿದಾಗೆಲ್ಲ ಅದೇ ಅಲುಗೋದು, ಬೋರ್ಡನ್ನೇ ಎಲ್ ಆಕಾರಕ್ಕೆ ಕತ್ತರಿಸಿ ಕೂರಿಸಿ. ಒಣಗಿದ ಕೋಟನ್ನ ಮರಳು ಕಾಗದದಲ್ಲಿ ಉಜ್ಜುವಾಗ ಮಾಸ್ಕ್ ಹಾಕ್ಕೊಳಿ, ಮಗು ಆ ಕಡೆ ಬರೋದು ಬೇಡ.

ಮಗಳ ಪುಸ್ತಕದ ಶೆಲ್ಫ್ ಎಲ್ಲಿ ಬರುತ್ತೆ ಅಂತ ಈಗ್ಲೇ ಯೋಚ್ನೆ ಮಾಡಿ, ಬರೀ ಬೋರ್ಡು ಆ ಭಾರ ಹೊರಲ್ಲ, ಅಲ್ಲಿ ಬೋರ್ಡಿನ ಹಿಂದೆ ಸ್ಟಡ್ಡಿಂದ ಸ್ಟಡ್ಡಿಗೆ ಪ್ಲೈವುಡ್ ಕೊಡಿ. ವೈರಿಂಗ್ ಪೈಪ್ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ಎರಡನೇ ಕಡೆ ಮುಚ್ಚೋ ಮುಂಚೆ ಅಳತೆ ಟೇಪ್ ಹಿಡಿದು ಎಲ್ಲದರ ಫೋಟೋ ತಕ್ಕೊಳಿ.